ನಮ್ಮ ಗಾಳಿಯ ಆಮ್ಲವನ್ನು ಅಳೆಯುವವರಾರು?

ಸುವರ್ಣ ಮಹೋತ್ಸವದ ಈ ಸ್ಮರಣ ಸಂಚಿಕೆಯಲ್ಲಿ ಗಡಿನಾಡ ಕನ್ನಡದ ಅಳಿವು ಉಳಿವುಗಳನ್ನು ಕುರಿತು ಬರೆಯಲು ನನಗಿಂತ ಸಮರ್ಥರು ಅನೇಕರಿದ್ದಾರೆ. ರಸಾಯನಶಾಸ್ತ್ರವನ್ನು ಬೋಧಿಸಿ ನಿವೃತ್ತನಾದ ಹಳೆಯ ವಿದ್ಯಾರ್ಥಿಯಾಗಿ, ನಮ್ಮ ಸೊಲ್ಲಾಪುರ ಸೀಮೆಯ ಗಾಳಿಯನ್ನು ಕುರಿತು ನಾಲ್ಕು ಮಾತು ಬರೆಯುವುದೇ ನನಗೆ ಉಚಿತವೆನಿಸಿತು.

‘ನಮ್ಮ ಕಡೆ ಆಮ್ಲಮಳೆ ಬೀಳುವುದಿಲ್ಲ, ಆದ್ದರಿಂದ ಚಿಂತೆಯಿಲ್ಲ’ ಎಂಬ ಮಾತು ಓದಿದವರ ಬಾಯಿಂದಲೂ ಕೇಳಿಬರುತ್ತದೆ. ಮಾತಿನ ಮೊದಲರ್ಧ ಬಹುಮಟ್ಟಿಗೆ ನಿಜ. ಶುದ್ಧ ಮಳೆನೀರಿನ ಪಿಎಚ್ ಸುಮಾರು 5.6, ಭಾರತದ ಹಲವು ಗ್ರಾಮೀಣ ಪ್ರದೇಶಗಳಲ್ಲಿ ಅದು ಇದಕ್ಕಿಂತಲೂ ಮೇಲಿರುವುದು ಕಂಡುಬಂದಿದೆ. ಕಾರಣ ನಮ್ಮ ಮಣ್ಣು. ಎರೆಹೊಲದಲ್ಲಿ ಸುಣ್ಣದ ಹರಳುಗಳಿರುವುದನ್ನು ಉತ್ತವರೆಲ್ಲ ಬಲ್ಲರು. ಬೇಸಿಗೆಯ ಧೂಳು ಆ ಸುಣ್ಣವನ್ನು ಹೊತ್ತೇ ಮೇಲೇಳುತ್ತದೆ. ಗಾಳಿಯ ಆಮ್ಲವು ಅದರೊಡನೆ ಕೂಡಿ ಲವಣವಾಗುತ್ತದೆ. ಆದರೆ ಇದರಿಂದ ಆಮ್ಲ ಹುಟ್ಟಲೇ ಇಲ್ಲವೆನ್ನುವುದು, ಸಾಲ ತೀರಿಸಿದವನನ್ನು ಕಂಡು ಆತ ಸಾಲವನ್ನೇ ಮಾಡಿರಲಿಲ್ಲವೆಂದಂತೆ. ಧೂಳಿಗೆ ಸಿಕ್ಕುವ ಮೊದಲು ಅದು ಬೆಳೆಯ ಎಲೆಗೂ ಮಕ್ಕಳ ಶ್ವಾಸಕೋಶಕ್ಕೂ ಸಿಕ್ಕುತ್ತದೆ.

ಹುಟ್ಟುವುದಾದರೂ ಎಷ್ಟು? ಕಲ್ಲಿದ್ದಲಿನಲ್ಲಿ ನೂರಕ್ಕೆ ಅರ್ಧ ಭಾಗ ಗಂಧಕವಿದೆಯೆಂದು ಹಿಡಿದರೂ, ಒಂದು ಟನ್ ಉರಿಸಿದಾಗ ಸುಮಾರು 10 ಕಿಲೋ ಗಂಧಕದ ಡೈಆಕ್ಸೈಡ್ ಹೊರಬೀಳುತ್ತದೆ. ನಮ್ಮ ನೆರೆಯಲ್ಲಿರುವ ಎನ್.ಟಿ.ಪಿ.ಸಿ. ಸ್ಥಾವರದ ಸಾಮರ್ಥ್ಯ 1320 ಮೆಗಾವಾಟ್. ಇಂಥ ಸ್ಥಾವರಗಳ ಗಂಧಕದ ಹೊಗೆಗೆ ಕೇಂದ್ರ ಸರಕಾರವು 2015ರ ಡಿಸೆಂಬರಿನಲ್ಲಿ ಮಿತಿ ವಿಧಿಸಿತು. ಗಡುವು ಪದೇಪದೇ ಮುಂದೆ ಹೋಗಿ, 2025ರ ಜುಲೈಯಲ್ಲಿ ದೊಡ್ಡ ನಗರಗಳಿಂದಲೂ ಮಲಿನ ಪ್ರದೇಶಗಳಿಂದಲೂ ದೂರವಿರುವ ಸ್ಥಾವರಗಳಿಗೆ ಗಂಧಕ ತೆಗೆಯುವ ಯಂತ್ರದಿಂದ ವಿನಾಯಿತಿ ದೊರೆಯಿತು. ಹೊರಗಾಳಿಯಲ್ಲಿ ಈ ಅನಿಲವು ಮಿತಿಯೊಳಗೇ ಇದೆಯೆಂಬುದು ಅದರ ಸಮರ್ಥನೆಗಳಲ್ಲೊಂದು. ಈ ವಾದವನ್ನು ನಾನು ಒಪ್ಪಲಾರೆ. ಗಾಳಿಯೊಡನೆ ಸಾಗುತ್ತ ಸಾಗುತ್ತ ಆ ಅನಿಲವು ಸಲ್ಫೇಟ್ ಕಣವಾಗಿ ರೂಪಾಂತರ ಹೊಂದುತ್ತದೆ. ಅನಿಲವನ್ನಷ್ಟೇ ಹುಡುಕುವವನ ಲೆಕ್ಕದಿಂದ ಅದು ಜಾರಿಹೋಗುತ್ತದೆ.

ಮಿತಿಯ ಮಾತಿಗೆ ಬರೋಣ. 2009ರ ರಾಷ್ಟ್ರೀಯ ಮಾನದಂಡದಂತೆ ಘನಮೀಟರ್ ಗಾಳಿಯಲ್ಲಿ ಗಂಧಕದ ಡೈಆಕ್ಸೈಡಿನ 24 ಗಂಟೆಗಳ ಸರಾಸರಿ 80 ಮೈಕ್ರೋಗ್ರಾಂ ಮೀರಬಾರದು. ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ಹೇಳಿದ್ದು 40. ವಾರಕ್ಕೆರಡು ದಿನದಂತೆ ವರ್ಷಕ್ಕೆ 104 ಅಳತೆಗಳಿದ್ದರೆ ವಾರ್ಷಿಕ ಸರಾಸರಿಗೆ ಸಾಕು. ಹೊಗೆ ನಮ್ಮತ್ತ ತಿರುಗಿದ ದಿನ ಅಳತೆಯ ದಿನವಾಗಿರಬೇಕೆಂಬ ನಿಯಮ ಗಾಳಿಗಿಲ್ಲವಷ್ಟೆ!

ಇನ್ನು ಆ ಮಾನದಂಡದ 12 ಮಾಲಿನ್ಯಕಾರಕಗಳ ಪಟ್ಟಿಯಲ್ಲಿ ನೈಟ್ರಿಕ್ ಆಮ್ಲವಾಗಲಿ ಹೈಡ್ರೋಕ್ಲೋರಿಕ್ ಆಮ್ಲವಾಗಲಿ ಇಲ್ಲವೇ ಇಲ್ಲ. ದೆಹಲಿಯ ಚಳಿಗಾಲದ ಮಂಜು ದಟ್ಟವಾಗುವುದರಲ್ಲಿ ಹೈಡ್ರೋಕ್ಲೋರಿಕ್ ಆಮ್ಲದ ಆವಿಯ ಪಾತ್ರವಿದೆಯೆಂದು ಮದ್ರಾಸ್ ಐ.ಐ.ಟಿ.ಯ ವಿಜ್ಞಾನಿಗಳು ಮತ್ತು ಸಹವರ್ತಿಗಳು 2021ರಲ್ಲಿ ತೋರಿಸಿಕೊಟ್ಟರು. ಪಿ.ವಿ.ಸಿ. ಪ್ಲಾಸ್ಟಿಕ್ ಸುಟ್ಟರೆ ಈ ಆಮ್ಲ ಹುಟ್ಟುತ್ತದೆ; ತಿಪ್ಪೆಗೆ ಬೆಂಕಿಯಿಡುವ ನಮ್ಮ ಊರುಗಳಿಗೂ ಇದು ಸಲ್ಲುವ ಮಾತು.

ಅಳೆಯುವುದು ಸುಲಭವಲ್ಲವೆಂಬುದೂ ನಿಜ. ನೈಟ್ರಿಕ್ ಆಮ್ಲದ ಆವಿ ಬಲು ಅಂಟುಗುಣದ್ದು. ಯಂತ್ರದ ನಳಿಗೆಗೇ ಅಂಟಿ ಮಾಯವಾಗುತ್ತದೆ. ಸೋಸುಕಾಗದದಲ್ಲಿ ಹಿಡಿದ ಅಮೋನಿಯಂ ನೈಟ್ರೇಟ್ ಬಿಸಿಲಿನ ತಾಪಕ್ಕೆ ಒಡೆದು ಮತ್ತೆ ಆವಿಯಾಗುತ್ತದೆ. ಇದಕ್ಕೆ ಕಂಡುಕೊಂಡ ಉಪಾಯ ಸೊಗಸಾಗಿದೆ. ಸೋಡಿಯಂ ಕಾರ್ಬೊನೇಟ್ ಲೇಪಿಸಿದ ಗಾಜಿನ ಕೊಳವೆಯಲ್ಲಿ ಗಾಳಿಯನ್ನು ಸುಳಿಯೇಳದಂತೆ ಹಾಯಿಸಿದರೆ, ಚುರುಕಾದ ಅನಿಲದ ಅಣುಗಳು ಗೋಡೆಗೆ ತಾಗಿ ಅಲ್ಲೇ ಉಳಿಯುತ್ತವೆ. ಭಾರವಾದ ಕಣಗಳು ನೇರವಾಗಿ ಮುಂದೆ ಸಾಗುತ್ತವೆ. ಒಂದರೊಳಗೊಂದು ಕೊಳವೆಯಿಟ್ಟ ಇದರ ಸುಧಾರಿತ ರೂಪವನ್ನು ಇಟಲಿಯ ಪೊಸಾಂಜಿನಿ ಮತ್ತು ಸಂಗಡಿಗರು 1983ರಲ್ಲಿ ಪ್ರಕಟಿಸಿದರು. ಕೊಳವೆ ತೊಳೆದ ನೀರನ್ನು ಅಯಾನು ಕ್ರೊಮೆಟೋಗ್ರಾಫ್ ಎಂಬ ಯಂತ್ರದಲ್ಲಿ ಪರೀಕ್ಷಿಸಿದರೆ ಲೆಕ್ಕ ಸಿಗುತ್ತದೆ.

ಅಷ್ಟು ದುಬಾರಿ ಯಂತ್ರ ಶಾಲೆಗೆ ಬೇಡ. ಆದರೆ ಆಮ್ಲದ ಮೂಲವಾದ ನೈಟ್ರೊಜನ್ ಡೈಆಕ್ಸೈಡನ್ನು ಅಳೆಯಲು 1976ರ ಪಾಮ್ಸ್ ಕೊಳವೆ ಸಾಕು: ಬೆರಳುದ್ದದ ನಳಿಗೆ, ತುದಿಯಲ್ಲಿ ಟ್ರೈಎಥನಾಲಮೀನ್ ಸವರಿದ ಜಾಲರಿ, ಪಂಪು ಬೇಡ, ವಿದ್ಯುತ್ತೂ ಬೇಡ. ಎರಡು ವಾರಗಳ ನಂತರ ಔಷಧ ಬೆರೆಸಿದರೆ ಬರುವ ಗುಲಾಬಿ ಬಣ್ಣವನ್ನು ಕಲರಿಮೀಟರಿನಲ್ಲಿ ಓದಬಹುದು. ಮುಚ್ಚಳ ತೆಗೆಯದ ಒಂದು ಕೊಳವೆಯನ್ನು ಹೋಲಿಕೆಗಾಗಿ ಇಡುವುದನ್ನು ಮಾತ್ರ ಮರೆಯಬಾರದು. ಜೊತೆಗೆ ಮಾಳಿಗೆಯ ಮೇಲೊಂದು ಮಳೆನೀರಿನ ಸೀಸೆ.

ಮಹೋತ್ಸವದ ನಿಧಿಯಿಂದ ಕಮಾನು ಕಟ್ಟಿಸುವ ಆಲೋಚನೆಯಿದ್ದರೆ, ಹಳೆಯ ವಿದ್ಯಾರ್ಥಿ ಬಾಂಧವರು ಅದಕ್ಕಿಂತ ಮೊದಲು ಒಂದು ಕಲರಿಮೀಟರು, ಐವತ್ತು ನಳಿಗೆಗಳು ಮತ್ತು ಗಟ್ಟಿ ರಟ್ಟಿನ ದಾಖಲೆ ಪುಸ್ತಕವೊಂದನ್ನು ಶಾಲೆಗೆ ಕೊಡಿಸಬೇಕೆಂದು ನನ್ನ ವಿನಂತಿ. ಹಗಲು, ಅಂಕಿ, ಗಾಳಿಯ ದಿಕ್ಕು, ಇಷ್ಟನ್ನು ಮಕ್ಕಳು ಕನ್ನಡದಲ್ಲಿಯೇ ಬರೆದಿಡಲಿ. ಮಾರ್ಚಿನಲ್ಲಿ ನಳಿಗೆಗಳನ್ನು ತೂಗುಹಾಕಿದರೆ, ಧೂಳಿನ ದಿನಗಳಿಗೂ ಮುಂಗಾರಿನ ದಿನಗಳಿಗೂ ಇರುವ ವ್ಯತ್ಯಾಸ ಮೊದಲ ವರ್ಷವೇ ಕೈಗೆ ಸಿಗುತ್ತದೆ.