ತೊಂಬತ್ತೊಂಬತ್ತರ ಐವತ್ತು ವರ್ಷ

1975ರ ಏಪ್ರಿಲ್ 11ರ ‘ಸೈನ್ಸ್’ ಸಂಚಿಕೆಯಲ್ಲಿ ಮೇರಿ-ಕ್ಲೇರ್ ಕಿಂಗ್ ಮತ್ತು ಅಲನ್ ವಿಲ್ಸನ್ ಅವರ ಹತ್ತು ಪುಟಗಳ ಲೇಖನವೊಂದು ಬಂತು. ಮನುಷ್ಯನ ಪ್ರೋಟೀನುಗಳನ್ನೂ ಚಿಂಪಾಂಜಿಯ ಪ್ರೋಟೀನುಗಳನ್ನೂ ಪಕ್ಕಪಕ್ಕ ಇಟ್ಟು ನೋಡಿದರೆ ಸರಾಸರಿ ಶೇ 99ಕ್ಕಿಂತ ಹೆಚ್ಚು ಒಂದೇ ಎಂದು ಅದರಲ್ಲಿತ್ತು. ಅದಾಗಿ 50 ವರ್ಷಕ್ಕೆ ಎರಡು ದಿನ ಕಡಿಮೆ ಇದ್ದಾಗ, 2025ರ ಏಪ್ರಿಲ್ 9ರಂದು, ‘ನೇಚರ್’ ಇನ್ನೊಂದು ವರದಿ ಪ್ರಕಟಿಸಿತು: ಚಿಂಪಾಂಜಿ, ಬೊನೊಬೊ, ಗೊರಿಲ್ಲಾ, ಎರಡು ಬಗೆಯ ಒರಾಂಗುಟಾನ್, ಸಿಯಾಮಾಂಗ್ ಗಿಬ್ಬನ್ – ಬಾಲವಿಲ್ಲದ ಈ ಆರು ವಾನರಗಳ ಜೀನೋಮನ್ನು ತುದಿಯಿಂದ ತುದಿಗೆ ಓದಿ ಮುಗಿಸಲಾಗಿದೆ ಎಂದು. ಮೊದಲನೆಯದು ಒಂದು ಅಂಕಿಯನ್ನು ಜಗತ್ತಿಗೆ ಬಿಟ್ಟಿತು. ಎರಡನೆಯದು ಆ ಅಂಕಿಯನ್ನು ಇನ್ನು ಮುಂದೆ ಹಾಗೆ ಹೇಳಲಾಗದಂತೆ ಮಾಡಿತು. ನಡುವಿನ ಲೆಕ್ಕವನ್ನು ಒಮ್ಮೆ ತಿರುಗಿ ನೋಡುವ ಹೊತ್ತು ಇದು.

ಕಿಂಗ್ ಮತ್ತು ವಿಲ್ಸನ್ ಹೇಳಿದ್ದರಲ್ಲಿ ಜನರ ನೆನಪಿನಲ್ಲಿ ಉಳಿದದ್ದು ಅರ್ಧ ಮಾತ್ರ. ‘ನಾವು ಶೇ 99 ಚಿಂಪಾಂಜಿ’ ಎಂಬ ಮಾತು ಕ್ವಿಜ್ ಪುಸ್ತಕಗಳಿಗೂ ವಾರ್ಷಿಕೋತ್ಸವದ ಭಾಷಣಗಳಿಗೂ ಹೋಯಿತು. ಆದರೆ ಲೇಖನದ ವಾದವೇ ಬೇರೆ ಇತ್ತು. ಪ್ರೋಟೀನುಗಳು ಇಷ್ಟೊಂದು ಒಂದೇ ಆಗಿದ್ದರೆ ಈ ಎರಡು ಜೀವಗಳ ಮೈಕಟ್ಟು, ಮಿದುಳು, ನಡೆ, ಬಾಳ್ವೆ ಇಷ್ಟೊಂದು ಬೇರೆ ಯಾಕೆ? ವ್ಯತ್ಯಾಸ ಪ್ರೋಟೀನುಗಳಲ್ಲಿ ಇಲ್ಲ. ಯಾವ ಜೀನು ಯಾವಾಗ, ಎಲ್ಲಿ, ಎಷ್ಟು ಕೆಲಸ ಮಾಡಬೇಕು ಎಂದು ನಿರ್ಧರಿಸುವ ನಿಯಂತ್ರಣದಲ್ಲಿ ಇರಬೇಕು ಎಂಬುದು ಅವರ ಊಹೆ. ಅಂದರೆ 99 ಎಂಬುದು ಅವರಿಗೆ ಉತ್ತರವಾಗಿರಲಿಲ್ಲ, ತಲೆಕೆಡಿಸಿದ ಪ್ರಶ್ನೆಯಾಗಿತ್ತು. (ಇದೇ ಕಿಂಗ್ ಮುಂದೆ 1990ರಲ್ಲಿ, ಮನೆತನದಲ್ಲಿ ಹರಿದು ಬರುವ ಸ್ತನ ಕ್ಯಾನ್ಸರಿನ ಜೀನು ಯಾವ ಕ್ರೋಮೋಸೋಮಿನಲ್ಲಿದೆ ಎಂದು ತೋರಿಸಿಕೊಟ್ಟವರು. ಆ ಕೆಲಸದ ಫಲ ಇಂದು ನಮ್ಮ ಊರುಗಳ ಆಸ್ಪತ್ರೆಗಳವರೆಗೂ ಬಂದಿದೆ.)

ಬಳ್ಳಾರಿಯವರಿಗೆ ಇದನ್ನು ಬಿಡಿಸಿ ಹೇಳುವುದು ಸುಲಭ. ಇಲ್ಲಿನ ಜೀನ್ಸ್ ಘಟಕಕ್ಕೆ ಹೋಗಿ ನೋಡಿ: ಬಟ್ಟೆಯ ತಾನು ಒಂದೇ, ದಾರ ಒಂದೇ, ಗುಂಡಿ, ಜಿಪ್ಪು, ಹೊಲಿಗೆ ಯಂತ್ರ ಎಲ್ಲ ಅವೇ. ಕಟಿಂಗ್ ಮಾಸ್ಟರ್ ಎಲ್ಲಿ ಕತ್ತರಿ ನಿಲ್ಲಿಸುತ್ತಾನೆ ಅನ್ನುವುದರ ಮೇಲೆ ಅದು ಮಗುವಿನ ಚಡ್ಡಿ ಆಗುತ್ತದೋ ಆರಡಿ ಆಳಿನ ಪ್ಯಾಂಟು ಆಗುತ್ತದೋ ತೀರ್ಮಾನವಾಗುತ್ತದೆ. ಎರಡರಲ್ಲೂ ಶೇ 99 ಸಾಮಾನು ಒಂದೇ ಎಂದರೆ ಸುಳ್ಳಲ್ಲ. ಆದರೆ ತೊಡುವವನಿಗೆ ಆ ಮಾತಿನಿಂದ ಏನೂ ತಿಳಿಯುವುದಿಲ್ಲ. (ಜೀನ್ಸ್, ಜೀನು – ಹೆಸರಿನ ಹೋಲಿಕೆ ಬರೀ ಆಕಸ್ಮಿಕ, ಬಿಡಿ.)

ಊಹೆಗೆ ಸಾಕ್ಷ್ಯ ಸಿಗಲು 30 ವರ್ಷ ಹಿಡಿಯಿತು. 2006ರಲ್ಲಿ ಕ್ಯಾಥರಿನ್ ಪೊಲಾರ್ಡ್ ಮತ್ತು ಸಂಗಡಿಗರು ಜೀನೋಮಿನಲ್ಲಿ 118 ಅಕ್ಷರಗಳ ಒಂದು ಸಣ್ಣ ತುಣುಕನ್ನು ತೋರಿಸಿದರು. ಕೋಳಿಗೂ ಚಿಂಪಾಂಜಿಗೂ ನಡುವೆ ಅದರಲ್ಲಿ ಎರಡೇ ಅಕ್ಷರ ಬೇರೆ. 30 ಕೋಟಿ ವರ್ಷ ಅದು ಹೆಚ್ಚುಕಡಿಮೆ ಕದಲದೆ ನಿಂತಿತ್ತು. ಚಿಂಪಾಂಜಿಗೂ ಮನುಷ್ಯನಿಗೂ ನಡುವೆ ಹದಿನೆಂಟು ಅಕ್ಷರ ಬದಲಾಗಿವೆ. ಗರ್ಭದಲ್ಲಿ ಮಿದುಳಿನ ಹೊರಪದರ ರೂಪುಗೊಳ್ಳುವಾಗ ಕೆಲಸ ಮಾಡುವ ತುಣುಕು ಅದು. ಅದರಿಂದ ಪ್ರೋಟೀನು ತಯಾರಾಗುವುದೇ ಇಲ್ಲ. ಶೇಕಡಾವಾರಿನಲ್ಲಿ ಈ ಹದಿನೆಂಟು ಅಕ್ಷರಗಳ ತೂಕ ಸೊನ್ನೆಗೆ ಸಮ.

ಈ ನಡುವೆ ಅಂಕಿಯೂ ಅಲ್ಲಾಡುತ್ತಲೇ ಇತ್ತು. 2002ರಲ್ಲಿ ರಾಯ್ ಬ್ರಿಟನ್, ಬದಲಾದ ಅಕ್ಷರಗಳ ಜೊತೆಗೆ ಸೇರಿಹೋದ, ಬಿಟ್ಟುಹೋದ ಅಕ್ಷರಗಳನ್ನೂ ಎಣಿಸಿ ಶೇ 95 ಎಂದರು. 2005ರಲ್ಲಿ ಚಿಂಪಾಂಜಿಯ ಜೀನೋಮ್ ಕರಡು ಬಂದಾಗ ಎರಡು ಲೆಕ್ಕವೂ ಒಂದೇ ಲೇಖನದಲ್ಲಿ ಇದ್ದವು: ಒಂದೊಂದಾಗಿ ಬದಲಾದ ಅಕ್ಷರಗಳು ಸುಮಾರು 3.5 ಕೋಟಿ, ಅಂದರೆ ಶೇ 1.23, ಸೇರಿದ್ದು ಬಿಟ್ಟಿದ್ದರ ಘಟನೆಗಳು ಸುಮಾರು 50 ಲಕ್ಷ, ಅವು ಆವರಿಸಿದ ಜಾಗ ಇನ್ನೂ ಶೇ 3ರ ಆಸುಪಾಸು. ಪತ್ರಿಕೆಗಳು ಮೊದಲನೆಯದನ್ನು ಮಾತ್ರ ಎತ್ತಿಕೊಂಡವು. 2012ರಲ್ಲಿ ಗೊರಿಲ್ಲಾ ಜೀನೋಮ್ ಬಂತು. ಅದರ ಸುಮಾರು ಶೇ 30 ಭಾಗದಲ್ಲಿ ಚಿಂಪಾಂಜಿ ಮತ್ತು ಮನುಷ್ಯ ಪರಸ್ಪರ ಹತ್ತಿರವಿಲ್ಲ. ಗೊರಿಲ್ಲಾವೇ ಇಬ್ಬರಲ್ಲಿ ಒಬ್ಬರಿಗೆ ಹೆಚ್ಚು ಹತ್ತಿರ. 2021ರಲ್ಲಿ ಜರ್ಮನಿಯಿಂದ ಮೈಸೂರು ಮೃಗಾಲಯಕ್ಕೆ ಬಂದ ಗೊರಿಲ್ಲಾಗಳನ್ನು ನೋಡಲು ಹೋಗುವ ನಮ್ಮ ಶಾಲಾ ಮಕ್ಕಳಿಗೆ ಇದನ್ನು ಹೇಳಬೇಕು: ನಿಮ್ಮ ಮೈಯ ಕೆಲವು ಜೀನುಗಳ ಮಟ್ಟಿಗೆ ಚಿಂಪಾಂಜಿಗಿಂತ ಈ ಕಪ್ಪು ದೈತ್ಯನೇ ನಿಮಗೆ ಹತ್ತಿರದ ನೆಂಟ.

ಇನ್ನು 2025ರ ವರದಿ. ಅಕ್ಷರಕ್ಕೆ ಅಕ್ಷರ ಜೋಡಿಸಬಹುದಾದ ಕಡೆ ಮನುಷ್ಯ–ಚಿಂಪಾಂಜಿ ವ್ಯತ್ಯಾಸ ಹಿಂದಿನಂತೆಯೇ ಶೇ 1.5ರ ಆಜುಬಾಜು ಉಳಿಯಿತು. ಹೊಸ ಸಂಗತಿ ಎಂದರೆ, ಜೋಡಿಸಲಾಗದ ಭಾಗ ಎಷ್ಟಿದೆ ಎಂದು ಮೊದಲ ಸಲ ಪೂರ್ತಿ ಕಂಡಿತು. ವಾನರಗಳನ್ನು ಒಂದಕ್ಕೊಂದು ಹೋಲಿಸಿದಾಗ ಜೀನೋಮಿನ ಶೇ 12.5ರಿಂದ 27.3ರಷ್ಟು ಭಾಗಕ್ಕೆ ನೇರ ಜೋಡಿ ಸಿಗಲಿಲ್ಲ. ಸೃಷ್ಟಿವಾದಿಗಳು ಹಬ್ಬ ಮಾಡಿದರು. ‘99 ಅಲ್ಲ 85, ಡಾರ್ವಿನ್ ಸೋತ’ ಎಂಬ ಸಂದೇಶ ಭೂಮಿ ಸುತ್ತಿತು.

ಸಂತೋಷ ಪಡುವ ಮೊದಲು ಎಣಿಕೆಯ ರೀತಿ ನೋಡಬೇಕಿತ್ತು. ಹತ್ತು ಸಾವಿರ ಅಕ್ಷರಗಳ ಒಂದು ತುಣುಕು ಒಂದೇ ಏಟಿಗೆ ನಕಲಾಗಿ ಇನ್ನೊಂದು ಕಡೆ ಕೂತರೆ ಅದು ಒಂದು ಬದಲಾವಣೆಯೋ ಹತ್ತು ಸಾವಿರ ಬದಲಾವಣೆಯೋ? ಘಟನೆ ಎಣಿಸಿದರೆ ಒಂದು, ಅಕ್ಷರ ಎಣಿಸಿದರೆ ಹತ್ತು ಸಾವಿರ. ಜೋಡಿ ಸಿಗದ ಭಾಗದಲ್ಲಿ ಬಹುಪಾಲು ಇಂಥ ನಕಲುಗಳು, ಒಂದೇ ಪಲ್ಲವಿಯನ್ನು ಸಾವಿರ ಸಲ ಹೇಳುವ ಜಾಗಗಳು. ಚಿಂಪಾಂಜಿ, ಗೊರಿಲ್ಲಾಗಳ ಕ್ರೋಮೋಸೋಮಿನ ತುದಿಗಳಲ್ಲಿ ಅಂಥ ಪುನರಾವರ್ತನೆಯ ಟೊಪ್ಪಿಗೆಗಳೇ ಇವೆ, ನಮ್ಮಲ್ಲಿ ಇಲ್ಲ. ಈ ಅಳತೆಗೋಲನ್ನು ಮನುಷ್ಯರ ನಡುವೆಯೇ ಹಿಡಿದು ನೋಡಿ. ಇಬ್ಬರು ಮನುಷ್ಯರ ನಡುವಿನ ವ್ಯತ್ಯಾಸ ಶೇ 0.1 ಎಂದು ನಾವೆಲ್ಲ ಓದಿದ್ದೇವೆ. 2015ರಲ್ಲಿ ಸಾವಿರ ಜೀನೋಮ್ ಯೋಜನೆ ಮುಗಿದಾಗ, ದೊಡ್ಡ ತುಣುಕುಗಳನ್ನೂ ಸೇರಿಸಿದರೆ ಒಬ್ಬೊಬ್ಬನಲ್ಲಿ ಸುಮಾರು 2 ಕೋಟಿ ಅಕ್ಷರ ಬೇರೆ ಎಂದು ತಿಳಿಯಿತು, ಅಂದರೆ ಶೇ 0.6. ಸಿರುಗುಪ್ಪದವನು ಕುರುಗೋಡಿನವನಿಂದ ಆರು ಪಟ್ಟು ದೂರ ಹೋದನೇ? ಇಲ್ಲ. ಎಣಿಸುವವರು ಬೇರೆ ಎಣಿಸಿದರು, ಅಷ್ಟೆ. 99ನ್ನು ಎದೆಗೆ ಅಂಟಿಸಿಕೊಂಡು ಓಡಾಡಿದ ವಿಚಾರವಾದಿಗಳಿಗೂ 85 ಹಿಡಿದು ಕುಣಿದವರಿಗೂ ಈ ಸಂಪಾದಕೀಯ ಹೇಳುವುದು ಒಂದೇ: ನೆಂಟಸ್ತನ ಸಾಬೀತಾಗುವುದು ಶೇಕಡಾವಾರಿನಿಂದ ಅಲ್ಲ.

ಮತ್ತೆ ಯಾವುದರಿಂದ? ಒಂದೇ ರೀತಿ ಕೆಟ್ಟದ್ದರಿಂದ. ದನ, ಆಡು, ನಾಯಿ ತಮಗೆ ಬೇಕಾದ ವಿಟಮಿನ್ ಸಿ ಅನ್ನು ಮೈಯೊಳಗೇ ತಯಾರಿಸಿಕೊಳ್ಳುತ್ತವೆ. ನಮಗೆ ಆಗದು. ಅದನ್ನು ಮಾಡುವ ಕೊನೆಯ ಕಿಣ್ವದ ಜೀನು ನಮ್ಮಲ್ಲೂ ಇದೆ, ಆದರೆ ಮುರಿದುಬಿದ್ದಿದೆ. ಚಿಂಪಾಂಜಿಯಲ್ಲೂ ಮುರಿದಿದೆ, ಕೋತಿಗಳಲ್ಲೂ ಮುರಿದಿದೆ, ಮತ್ತು ಮುರಿದ ಗುರುತುಗಳು ಹೊಂದಿಕೆಯಾಗುತ್ತವೆ. ಗಿನಿ ಇಲಿಗೂ ಈ ಜೀನು ಕೆಟ್ಟಿದೆ, ಆದರೆ ಅಲ್ಲಿ ಮುರಿದ ರೀತಿಯೇ ಬೇರೆ. ಅದು ತನ್ನ ಪಾಡಿಗೆ ತಾನು ಕೆಡಿಸಿಕೊಂಡದ್ದು. ಸರಿಯಾಗಿ ಕೆಲಸ ಮಾಡುವ ಜೀನು ಇಬ್ಬರಲ್ಲೂ ಒಂದೇ ಇದ್ದರೆ, ಒಬ್ಬನೇ ಕರ್ತನು ಒಂದೇ ನಮೂನೆ ಬಳಸಿದ ಎನ್ನಬಹುದು. ಕೆಲಸಕ್ಕೆ ಬಾರದ ಜೀನನ್ನು ಅದೇ ಮುರುಕಿನ ಸಮೇತ ಇಬ್ಬರಿಗೂ ಯಾರು ಯಾಕೆ ಕೊಟ್ಟಾರು? ಪಿತ್ರಾರ್ಜಿತ ಅಂದರೆ ಇದೇ: ಆಸ್ತಿಯ ಜೊತೆ ಸಾಲವೂ ಬರುತ್ತದೆ. ಹಂಪಿಯ ವಿರೂಪಾಕ್ಷನ ಗುಡಿ ಮುಂದೆ ಕೋತಿ ಪೇರಲ ಹಣ್ಣು ಕಿತ್ತುಕೊಂಡು ಓಡಿದರೆ ಬೈಯಿರಿ, ಅಡ್ಡಿಯಿಲ್ಲ. ಅದಕ್ಕೂ ನಿಮಗೂ ಆ ಹಣ್ಣು ಬೇಕಾಗಿರುವುದು ಒಂದೇ ಪೂರ್ವಜರ ಬಾಕಿಯಿಂದ.

ಕಿಷ್ಕಿಂಧೆಯ ನೆರೆಯಲ್ಲಿ ಬದುಕುವ ನಮಗೆ ಬಾಲದ ವಿಷಯವನ್ನೂ ಬಿಡಲಾಗದು. ಕೋತಿಗೆ, ಮುಸ್ಯಾಕ್ಕೆ ಬಾಲ ಇದೆ. ಚಿಂಪಾಂಜಿಗೆ, ಗಿಬ್ಬನ್‌ಗೆ, ನಮಗೆ ಇಲ್ಲ. 2024ರ ಫೆಬ್ರುವರಿಯಲ್ಲಿ ಪ್ರಕಟವಾದ ಅಧ್ಯಯನದಂತೆ ಸುಮಾರು 2.5 ಕೋಟಿ ವರ್ಷಗಳ ಹಿಂದೆ ಟಿಬಿಎಕ್ಸ್‌ಟಿ ಎಂಬ ಜೀನಿನೊಳಗೆ ಸುಮಾರು 300 ಅಕ್ಷರಗಳ ಅಲೆಮಾರಿ ತುಣುಕೊಂದು ಬಂದು ಕೂತಿತು. ಅದು ಕೂತದ್ದು ಪ್ರೋಟೀನಿನ ಸಂಕೇತ ಇರುವ ಜಾಗದಲ್ಲಲ್ಲ, ನಡುವಿನ ಖಾಲಿ ಜಾಗದಲ್ಲಿ. ಆದರೂ ಜೀನಿನ ತುಣುಕುಗಳು ಜೋಡಿಯಾಗುವ ರೀತಿ ತಪ್ಪಿತು. ಇಲಿಗಳಲ್ಲಿ ಅದೇ ಬಗೆಯ ತಪ್ಪು ಜೋಡಣೆ ಮಾಡಿಸಿ ನೋಡಿದರೆ ಬಾಲ ಮೊಟಕಾಯಿತು, ಕೆಲವಕ್ಕೆ ಇಲ್ಲವೇ ಆಯಿತು. ‘ಮಂಗನಿಂದ ಮಾನವ ಆದ ಅಂದರೆ ಈಗಿನ ಮಂಗಗಳು ಯಾಕೆ ಆಗುತ್ತಿಲ್ಲ ಸಾರ್?’ ಎಂದು ಪ್ರತಿ ತರಗತಿಯಲ್ಲೂ ಒಬ್ಬ ಹುಡುಗ ಕೇಳುತ್ತಾನೆ. ಆಗ ಕೋತಿ ನಮ್ಮ ತಾತ ಅಲ್ಲ, ದಾಯಾದಿ, 2.5 ಕೋಟಿ ವರ್ಷದ ಹಿಂದೆ ಮನೆ ಪಾಲಾಯಿತು, ಅವರಿಗೆ ಬಾಲ ಉಳಿಯಿತು ಎಂದರೆ ಸಾಕು. ಅನಂತರ ನಮ್ಮ ಮನೆಯಲ್ಲೂ ಪಾಲಾಯಿತು: ಚಿಂಪಾಂಜಿಯ ಕವಲು ಬೇರೆಯಾಗಿ 60–70 ಲಕ್ಷ ವರ್ಷ ಮಾತ್ರ.

ಹೋಲಿಕೆಯ ಮೇಲೆ ಜೀವವನ್ನೇ ಇಟ್ಟ ಕ್ಷೇತ್ರ ವೈದ್ಯಕೀಯ. ಇಲ್ಲಿ 50 ವರ್ಷಗಳ ಲೆಕ್ಕ ಮಿಶ್ರವಾಗಿದೆ. ಕಂಟೋನ್ಮೆಂಟಿನಲ್ಲಿ ವಿಮ್ಸ್ ಎಂದೇ ಊರು ಕರೆಯುವ ವೈದ್ಯಕೀಯ ಕಾಲೇಜಿನ ವಿದ್ಯಾರ್ಥಿಗಳು ಎರಡು ಪ್ರಸಂಗಗಳನ್ನು ಒಟ್ಟಿಗೆ ಓದಬೇಕು. ಮೊದಲನೆಯದು ನಮ್ಮದೇ ರಾಜ್ಯದ್ದು: 1957ರಲ್ಲಿ ಶಿವಮೊಗ್ಗ ಜಿಲ್ಲೆಯ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸಾಯತೊಡಗಿದವು, ಹಿಂದೆಯೇ ಜನ ಮಲಗಿದರು. ವೈರಸ್ ಹೊತ್ತ ಉಣ್ಣೆ ದನಗಳಿಗೂ ಹತ್ತುತ್ತದೆ, ದನ ಸಾಯುವುದಿಲ್ಲ. ಕೋತಿ, ಮುಸ್ಯಾ, ಮನುಷ್ಯ ಸಾಯುತ್ತಾರೆ. ಮಲೆನಾಡಿನಲ್ಲಿ ಇಂದಿಗೂ ಸತ್ತ ಮಂಗ ಕಂಡರೆ ಆರೋಗ್ಯ ಇಲಾಖೆಗೆ ತಿಳಿಸಿ ಎನ್ನುವುದು ಇದಕ್ಕೇ. ಎರಡನೆಯದು 2006ರ ಮಾರ್ಚ್‌ನಲ್ಲಿ ಲಂಡನ್ನಿನಲ್ಲಿ ನಡೆದದ್ದು. ಟಿಜಿಎನ್1412 ಎಂಬ ಔಷಧವನ್ನು ಕೋತಿಗಳಿಗೆ ಕೊಟ್ಟು ಏನೂ ತೊಂದರೆ ಇಲ್ಲ ಎಂದು ಕಂಡು, ಅದರ 500ನೇ ಒಂದು ಪಾಲನ್ನು ಆರು ಸ್ವಯಂಸೇವಕರಿಗೆ ಚುಚ್ಚಿದರು. ಗಂಟೆಗಳೊಳಗೆ ಆರೂ ಮಂದಿ ತೀವ್ರ ನಿಗಾ ಘಟಕದಲ್ಲಿದ್ದರು. ಔಷಧ ಅಂಟುವ ಗ್ರಾಹಕ ಪ್ರೋಟೀನಿನ ಹೊರಭಾಗ ಕೋತಿಗೂ ಮನುಷ್ಯನಿಗೂ ಅಕ್ಷರಶಃ ಒಂದೇ ಇತ್ತು. ಆದರೆ ಮನುಷ್ಯನಲ್ಲಿ ಆ ಗ್ರಾಹಕವಿರುವ ಒಂದು ಬಗೆಯ ರಕ್ಷಣಾ ಕೋಶಗಳ ಮೇಲೆ ಕೋತಿಯಲ್ಲಿ ಅದು ಇರಲಿಲ್ಲ. 1975ರ ಊಹೆ 2006ರಲ್ಲಿ ಆಸ್ಪತ್ರೆಯ ಹಾಸಿಗೆಯ ಮೇಲೆ ನಿಜವಾಗಿತ್ತು. ಏಡ್ಸ್ ಲಸಿಕೆಗೆಂದು ಚಿಂಪಾಂಜಿಗಳಿಗೆ ಎಚ್‌ಐವಿ ಹಾಕಿ ವರ್ಷಗಟ್ಟಲೆ ಕಾದದ್ದೂ ಇದೇ ದಾರಿ ಹಿಡಿಯಿತು. ಬಹುತೇಕ ಯಾವುದಕ್ಕೂ ಏಡ್ಸ್ ಬರಲಿಲ್ಲ. 2015ರಲ್ಲಿ ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆ ಚಿಂಪಾಂಜಿಗಳ ಮೇಲಿನ ಪ್ರಯೋಗಗಳಿಗೆ ಬೆಂಬಲ ನಿಲ್ಲಿಸಿತು.

ಪಠ್ಯಪುಸ್ತಕದ ಕಥೆ ಬೇಗ ಮುಗಿಸಬಹುದು. 2018ರ ಜನವರಿಯಲ್ಲಿ ಕೇಂದ್ರದ ಆಗಿನ ರಾಜ್ಯ ಸಚಿವ ಸತ್ಯಪಾಲ್ ಸಿಂಗ್ ಡಾರ್ವಿನ್ ಸಿದ್ಧಾಂತ ತಪ್ಪು ಎಂದರು. ಬೆಂಗಳೂರಿನ ಭಾರತೀಯ ವಿಜ್ಞಾನ ಅಕಾಡೆಮಿ ಸೇರಿ ಮೂರು ಅಕಾಡೆಮಿಗಳು ಜಂಟಿಯಾಗಿ ಅಲ್ಲಗಳೆದವು. 2023ರಲ್ಲಿ ಎನ್‌ಸಿಇಆರ್‌ಟಿಯ 10ನೇ ತರಗತಿ ಪುಸ್ತಕದ ‘ಅನುವಂಶೀಯತೆ ಮತ್ತು ವಿಕಾಸ’ ಅಧ್ಯಾಯ ಬರೀ ‘ಅನುವಂಶೀಯತೆ’ ಆಯಿತು. ಹತ್ತನೇ ತರಗತಿಗೆ ವಿಜ್ಞಾನ ಬಿಡುವವರೇ ಹೆಚ್ಚು ಇರುವ ದೇಶದಲ್ಲಿ ಹನ್ನೆರಡರಲ್ಲಿ ವಿಕಾಸ ಇದೆಯಲ್ಲ ಎನ್ನುವುದು ಉತ್ತರವಲ್ಲ.

ಜೀನೋಮ್ ಪೂರ್ತಿ ಓದಿಸಿಕೊಂಡ ಆ ಆರು ವಾನರಗಳಲ್ಲಿ ಅಳಿವಿನ ಪಟ್ಟಿಯಲ್ಲಿ ಇಲ್ಲದ್ದು ಒಂದೂ ಇಲ್ಲ. ಗೊರಿಲ್ಲಾ ಮತ್ತು ಎರಡೂ ಒರಾಂಗುಟಾನ್‌ಗಳು ಅಂಚಿಗೇ ಬಂದಿವೆ. ಭಾರತದ ಪಾಲಿಗೆ ಇರುವ ಬಾಲವಿಲ್ಲದ ವಾನರ ಈಶಾನ್ಯದ ಹೂಲಾಕ್ ಗಿಬ್ಬನ್ ಒಂದೇ. ಕೋತಿಯಾದರೂ ಸುರಕ್ಷಿತ ಎಂದುಕೊಂಡರೆ, 2017ರಲ್ಲಿ ಪ್ರಕಟವಾದ ಅಧ್ಯಯನವೊಂದು ಮೈಸೂರು ಸೀಮೆಯ ರಸ್ತೆಬದಿಯ ಕೋತಿಗಳ ಸಂಖ್ಯೆ 25 ವರ್ಷಗಳಲ್ಲಿ ಅರ್ಧಕ್ಕಿಂತ ಹೆಚ್ಚು ಕುಸಿದದ್ದನ್ನು ದಾಖಲಿಸಿದೆ. ಹೆದ್ದಾರಿ ಅಗಲ ಮಾಡಲು ಕಡಿದ ಆಲದ ಮರಗಳು ಅದಕ್ಕೊಂದು ದೊಡ್ಡ ಕಾರಣ. ಉತ್ತರದಿಂದ ರೀಸಸ್ ಕೋತಿ ತೆಲಂಗಾಣ ದಾಟಿ ದಕ್ಷಿಣಕ್ಕೆ ಒತ್ತಿಕೊಂಡು ಬರುತ್ತಿರುವುದು ಇನ್ನೊಂದು ಒತ್ತಡ. ಈ ಎಣಿಕೆಗೆ ಪ್ರಯೋಗಾಲಯ ಬೇಡ. ನಿಧಾನವಾಗಿ ಹೋಗುವ ಒಂದು ವಾಹನ, ಎರಡು ಜೊತೆ ಕಣ್ಣು, ಪ್ರತಿ ವರ್ಷ ಅದೇ ತಿಂಗಳಲ್ಲಿ ಅದೇ ರಸ್ತೆ – ಇಷ್ಟು ಸಾಕು. ಬಳ್ಳಾರಿ–ಹೊಸಪೇಟೆ ರಸ್ತೆಯಲ್ಲೂ ಸಿರುಗುಪ್ಪದ ದಾರಿಯಲ್ಲೂ ಇದನ್ನು ಮಾಡಲು ನಮ್ಮ ಕಾಲೇಜುಗಳ ಪ್ರಾಣಿಶಾಸ್ತ್ರ ವಿಭಾಗಗಳು ಈ ವರ್ಷವೇ ಮುಂದಾಗಲಿ; ಬಂದ ಅಂಕಿಗಳನ್ನು, ಎಣಿಸಿದ ರೀತಿಯ ಸಮೇತ, ನಾವು ಅಚ್ಚು ಹಾಕುತ್ತೇವೆ.