ಛಲ ಸಾಕು, ಕುರ್ಚಿ ಕೊಡಿ

ಪೋಲಿಯೊ ಬಂದವರ ಬಗ್ಗೆ ನಮ್ಮ ಪತ್ರಿಕೆಗಳಲ್ಲಿ ಬರುವ ಲೇಖನಗಳಿಗೆ ಒಂದೇ ಕ್ರಿಯಾಪದ ಗೊತ್ತು: ಮೆಟ್ಟಿ ನಿಲ್ಲುವುದು. ವೈಕಲ್ಯ ಮೆಟ್ಟಿ ನಿಂತ ಸಾಧಕಿ, ವಿಧಿಯನ್ನೇ ಮೆಟ್ಟಿ ನಿಂತ ಯುವಕ. ನಡೆಯಲು ಕಷ್ಟಪಡುವವರಿಗೆ ಸದಾ ಏನನ್ನಾದರೂ ಮೆಟ್ಟುವ ಕೆಲಸವನ್ನೇ ಯಾಕೆ ಹಚ್ಚುತ್ತೇವೋ! ನನ್ನ ಎಡಗಾಲಿಗೆ ಮಗುವಾಗಿದ್ದಾಗ ಪೋಲಿಯೊ ಬಂತು. ಈಗ ನನಗೆ 28. ಈ ಮಾತಿನ ಮೇಲೆ ನನ್ನ ತಕರಾರು ಭಾಷೆಯದಷ್ಟೇ ಅಲ್ಲ, ಮೈಯದೂ ಹೌದು.

ಪೋಲಿಯೊ ವೈರಸ್ ಬೆನ್ನುಹುರಿಯಲ್ಲಿದ್ದು ಸ್ನಾಯುಗಳನ್ನು ಆಡಿಸುವ ನರಕೋಶಗಳನ್ನು ಕೊಲ್ಲುತ್ತದೆ. ಉಳಿದ ಕೋಶಗಳು ಹೊಸದಾಗಿ ಕವಲೊಡೆದು, ದಿಕ್ಕಿಲ್ಲದಂತಾದ ಸ್ನಾಯುವಿನ ಎಳೆಗಳನ್ನೂ ಸಾಕಿಕೊಳ್ಳುತ್ತವೆ. ಬಿದ್ದ ಮಗು ಮತ್ತೆ ಎದ್ದು ನಡೆಯುವುದು ಬಹುಮಟ್ಟಿಗೆ ಹೀಗೆ. ಮನೆಯಲ್ಲಿ ದುಡಿಯುವವನು ಒಬ್ಬನೇ, ಉಣ್ಣುವ ಬಾಯಿ ಹತ್ತು ಎಂಬಂಥ ಸಂಸಾರ ಅದು. ಹದಿನೈದು, ಇಪ್ಪತ್ತು, ನಲವತ್ತು ವರ್ಷ ಹೊತ್ತ ಮೇಲೆ ಆ ದುಡಿಯುವವನೂ ಕುಸಿಯಬಹುದು. ಆಗ ಹೊಸದಾಗಿ ಬಲ ಕುಗ್ಗುತ್ತದೆ, ಕೀಲು ಸ್ನಾಯು ನೋಯುತ್ತವೆ, ನಿದ್ದೆ ಮಾಡಿದರೂ ದಣಿವು ಇಳಿಯುವುದಿಲ್ಲ. ಪೋಸ್ಟ್ ಪೋಲಿಯೊ ಸಿಂಡ್ರೋಮ್ ಎಂದು ಇದರ ಹೆಸರು. ಪೋಲಿಯೊ ಬಂದು ಬದುಕುಳಿದ ನೂರು ಜನರಲ್ಲಿ 25ರಿಂದ 40 ಮಂದಿಗೆ ಇದು ಬರಬಹುದೆಂದು ಅಮೆರಿಕದ ರೋಗ ನಿಯಂತ್ರಣ ಕೇಂದ್ರದ ಅಂದಾಜು. ವಾಸಿ ಮಾಡುವ ಮದ್ದಿಲ್ಲ. ಬಲ್ಲ ವೈದ್ಯರು ಹೇಳುವುದಿಷ್ಟೆ: ದಣಿಯುವ ಮೊದಲೇ ಕೂರಿ, ವ್ಯಾಯಾಮ ಹಿತಮಿತವಾಗಿರಲಿ, ಕೋಲು ಬೇಕಾದರೆ ಹಿಡಿಯಿರಿ.

ಅಂದರೆ, ಊರೆಲ್ಲ ಕೊಂಡಾಡುವ ಛಲ ನಮ್ಮ ಮಟ್ಟಿಗೆ ಸಾಲ. ಇಂದು ಹತ್ತಿದ ಮೆಟ್ಟಿಲಿಗೆ ನಾಳೆ ಬಡ್ಡಿ ಕಟ್ಟಬೇಕು.

ಈ ಲೆಕ್ಕ ನನಗೆ ಸ್ಪಷ್ಟವಾಗಿ ಕಾಣುವುದು ಕಮರ್ಷಿಯಲ್ ಸ್ಟ್ರೀಟಿನಲ್ಲಿ. ನನ್ನ ಬಲಪಾದಕ್ಕೆ 8ನೇ ನಂಬರಿನ ಶೂ, ಎಡಕ್ಕೆ 5. ಒಂದೇ ಮಾದರಿಯ ಎರಡು ಜೊತೆ ಕೊಂಡು ಒಂದೊಂದು ಕಾಲಿನದನ್ನು ಬಿಸಾಡಬೇಕು. ಆಮೇಲೆ ಎಡಗಡೆಯ ಶೂಗೆ ಇನ್ನೊಂದು ಸೋಲ್ ಅಂಟಿಸಿ ಎತ್ತರಿಸಬೇಕು, ಪ್ಯಾಂಟಿನ ಒಂದು ಕಾಲನ್ನು ಗಿಡ್ಡ ಮಾಡಿಸಬೇಕು. ಆಲ್ಟರೇಷನ್ ಮಾಡುವ ಟೈಲರ್ ನನ್ನನ್ನು ಏನೂ ಕೇಳುವುದಿಲ್ಲ; ಎರಡೂ ಕಾಲನ್ನು ಬೇರೆ ಬೇರೆ ಅಳೆದು, ಎರಡು ಅಂಕಿ ಬರೆದುಕೊಂಡು, ಸಂಜೆಗೆ ಬನ್ನಿ ಅನ್ನುತ್ತಾರೆ. ಅಯ್ಯೋ ಪಾಪ ಇಲ್ಲ, ಭೇಷ್ ಕೂಡ ಇಲ್ಲ. ಸಮಾಜದಿಂದ ನನಗೆ ಬೇಕಾದದ್ದು ಇಷ್ಟೇ: ಸರಿಯಾದ ಅಳತೆ.

ಆದರೆ ಅವರ ಮಷಿನ್ನಿನವರೆಗೆ ತಲುಪುವುದೇ ಕಷ್ಟ. ಎಂ.ಜಿ. ರೋಡ್ ಮೆಟ್ರೊ ನಿಲ್ದಾಣದಲ್ಲಿ ಲಿಫ್ಟ್ ಇದೆ. ಸ್ಮಾರ್ಟ್ ಸಿಟಿ ಯೋಜನೆಯಡಿ ಕಮರ್ಷಿಯಲ್ ಸ್ಟ್ರೀಟಿಗೆ ಹೊಸ ಕಲ್ಲು ಹಾಸಿ 2021ರಲ್ಲಿ ತೆರೆದರು. ಬೀದಿಗೆ ಸುರಿದ ದುಡ್ಡು ಮಾತ್ರ ಹೊಸ್ತಿಲಿನ ಆಚೆಗೇ ನಿಂತಿತು. ಬಾಗಿಲಲ್ಲಿ ಎರಡು ಮೆಟ್ಟಿಲು, ಒಳಗೆ ಕಡಿದಾದ ಹತ್ತು, ಬೇಕಾದ ಸೈಜು ಮಹಡಿಯ ಮೇಲೆ. ಹಿಡಿದುಕೊಳ್ಳಲು ಕಂಬಿಯಿಲ್ಲ. 'ಪರವಾಗಿಲ್ಲ, ನಿಧಾನಕ್ಕೆ ಹತ್ತಿ' ಎಂದು ಅಂಗಡಿಯ ಹುಡುಗ ಉಪಚಾರ ಹೇಳುತ್ತಾನೆ. ಪರವಾಗಿಲ್ಲವೋ ಇದೆಯೋ ಎಂದು ಹೇಳಬೇಕಾದದ್ದು ಹತ್ತುವವರಲ್ಲವೇ?

ಕಟ್ಟಡ ಹಳೆಯದು, ಜಾಗ ಇಕ್ಕಟ್ಟು ಎನ್ನುತ್ತಾರೆ ವ್ಯಾಪಾರಿಗಳು. ನಿಜ, ಎಲ್ಲ ಅಂಗಡಿಯಲ್ಲೂ ಲಿಫ್ಟ್ ಹಿಡಿಸುವುದಿಲ್ಲ. ಆದರೆ ಒಂದು ಹಲಗೆ, ಒಂದು ಕಂಬಿ, ಕೆಳಗೊಂದು ಕುರ್ಚಿ, ಮಹಡಿಯ ಮಾಲನ್ನು ಇಳಿಸಿ ತರುವ ಒಬ್ಬ ಹುಡುಗ? ಇದು ದಯೆಯ ಮಾತಲ್ಲ. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆಯ ಪ್ರಕಾರ ಖಾಸಗಿಯವರು ಕೊಡುವ ಸೇವೆಯೂ ನಮಗೆ ಎಟುಕುವಂತಿರಬೇಕು. ಈ ನಿಯಮಗಳು ಬರೀ ಸಲಹೆಯಾಗಿದ್ದರೆ ಸಾಲದು, ಕಡ್ಡಾಯವಾಗಬೇಕು ಎಂದು ಸುಪ್ರೀಂ ಕೋರ್ಟ್ 2024ರ ನವೆಂಬರ್‌ನಲ್ಲಿ ರಾಜೀವ್ ರತೂರಿ ಪ್ರಕರಣದಲ್ಲಿ ಹೇಳಿತು. ಅಂಗವಿಕಲ ಹೋಗಿ ವಿಕಲಚೇತನ, ಅದರ ಬೆನ್ನಿಗೆ ವಿಶೇಷಚೇತನ, ದಿವ್ಯಾಂಗ ಬಂದವು. ಹೆಸರು ಮೆಟ್ಟಿಲು ಮೆಟ್ಟಿಲಾಗಿ ಮೇಲೇರಿತು. ಮೆಟ್ಟಿಲು ಇದ್ದಲ್ಲೇ ಇದೆ.

ಹಾಗಾದರೆ ಮಾಲತಿ ಹೊಳ್ಳ ಸ್ಫೂರ್ತಿಯಲ್ಲವೇ ಎಂದು ಕೇಳುವಿರಿ. ಪೋಲಿಯೊ ಬಂದ, ಅಂತರರಾಷ್ಟ್ರೀಯ ಪದಕಗಳನ್ನು ಗೆದ್ದ, 2001ರಲ್ಲಿ ಪದ್ಮಶ್ರೀ ಪಡೆದ ಬೆಂಗಳೂರಿನ ಕ್ರೀಡಾಪಟು ಅವರು. ಅವರ ಪದಕಗಳನ್ನು ನಾವು ಎಣಿಸುತ್ತೇವೆ. ವಿಕಲಚೇತನ ಮಕ್ಕಳಿಗಾಗಿ ಅವರು ಕಟ್ಟಿದ ಮಾತೃ ಫೌಂಡೇಶನ್ನನ್ನು ಕೊನೆಯ ಸಾಲಿಗೆ ತಳ್ಳುತ್ತೇವೆ. ಗಾಲಿಕುರ್ಚಿಯಲ್ಲಿದ್ದುಕೊಂಡೇ ಎನ್.ಎಸ್. ಹೇಮಾ 1959ರಲ್ಲಿ ಆರಂಭಿಸಿದ ಅಸೋಸಿಯೇಷನ್ ಆಫ್ ಪೀಪಲ್ ವಿತ್ ಡಿಸಬಿಲಿಟಿ ಸಂಸ್ಥೆ ಇರುವುದು ಕಮರ್ಷಿಯಲ್ ಸ್ಟ್ರೀಟಿಗೆ ದೂರವಲ್ಲದ ಲಿಂಗರಾಜಪುರದಲ್ಲಿ. ಅಲ್ಲಿ ಕಲಿಸುವುದು ಛಲವನ್ನಲ್ಲ, ಕಸುಬನ್ನು. ಇವರಿಬ್ಬರೂ ತಮ್ಮಂಥವರಿಗೆ ಇನ್ನಷ್ಟು ಗಟ್ಟಿಯಾಗಿ ಎಂದು ಉಪದೇಶಿಸಿ ಸುಮ್ಮನಾಗಲಿಲ್ಲ. ಸುತ್ತಲ ಜಗತ್ತನ್ನು ಒಂದಿಷ್ಟು ಮೆದು ಮಾಡಿದರು. ನಾವು ಇವರನ್ನು ಓದಿದ ರೀತಿಯೇ ತಪ್ಪು.

ಭಾರತದ ಕೊನೆಯ ವೈಲ್ಡ್ ಪೋಲಿಯೊ ಪ್ರಕರಣ ಕಂಡದ್ದು 2011ರ ಜನವರಿಯಲ್ಲಿ. 2014ರ ಮಾರ್ಚ್ 27ರಂದು ದೇಶ ಪೋಲಿಯೊಮುಕ್ತವೆಂದು ಘೋಷಣೆಯಾಯಿತು. ದೊಡ್ಡ ಗೆಲುವು, ಸಂತೋಷ. ಆದರೆ ಮುಕ್ತವಾದದ್ದು ರೋಗದಿಂದ. ರೋಗ ಬಂದವರು ಇಲ್ಲೇ ಇದ್ದೇವೆ. ನಮ್ಮಲ್ಲಿ ಕಿರಿಯರು 2070ರಲ್ಲೂ ಇರುತ್ತೇವೆ, ಪೋಲಿಯೊವನ್ನು ಪಠ್ಯಪುಸ್ತಕದಲ್ಲಷ್ಟೇ ನೋಡಿದ ವೈದ್ಯರ ಮುಂದೆ ನಮ್ಮ ದಣಿವನ್ನು ವಿವರಿಸುತ್ತಾ.

ಕಳೆದ ವರ್ಷ ನಾನು ಕೋಲು ಹಿಡಿದಾಗ ದೊಡ್ಡಮ್ಮ, 'ಇಷ್ಟು ದಿನ ಚೆನ್ನಾಗೇ ನಡೀತಿದ್ಯಲ್ಲ, ಮನಸ್ಸು ಗಟ್ಟಿ ಮಾಡ್ಕೋ' ಅಂದರು. ಮನಸ್ಸು ಗಟ್ಟಿಯಾದರೆ ಸತ್ತ ನರಕೋಶ ಚಿಗುರುವುದಿಲ್ಲ. ಕೋಲು ಬಂದ ಮೇಲೆ ಸಂಜೆಯ ಹೊತ್ತಿಗೂ ನನ್ನಲ್ಲಿ ಒಂದಿಷ್ಟು ಕಾಲು ಉಳಿದಿರುತ್ತದೆ: ಗೆಳೆಯರ ಜೊತೆ ಒಂದು ಕಾಫಿಗೆ, ಹತ್ತು ಪುಟ ಓದಿಗೆ. ಚೆನ್ನಾಗಿ ಬದುಕುವುದೆಂದರೆ ನನಗೆ ಇದು. ಬೆಟ್ಟ ಹತ್ತುವುದಲ್ಲ, ಹೆಜ್ಜೆಗಳನ್ನು ಬೇಕಾದ ಕಡೆಗೆ ಉಳಿಸಿಕೊಳ್ಳುವುದು.

ಕೊನೆಗೆ ನಮ್ಮವರಿಗೇ, ಸಾಹಿತ್ಯದವರಿಗೆ, ಒಂದು ಮಾತು. ಅಂಚಿನವರ ಸಂಕಟದ ಕುರಿತ ಎಷ್ಟೋ ವಿಚಾರಗೋಷ್ಠಿಗಳು ಲಿಫ್ಟಿಲ್ಲದ ಎರಡನೇ ಮಹಡಿಯಲ್ಲಿ ನಡೆಯುತ್ತವೆ. ಆಹ್ವಾನ ಪತ್ರಿಕೆಯಲ್ಲಿ ಲಘು ಉಪಾಹಾರವಿದೆ ಎಂದು ಅಚ್ಚು ಹಾಕುತ್ತೀರಿ. ಅದರ ಕೆಳಗೇ ಇನ್ನೊಂದು ಸಾಲು ಸೇರಿಸಿ: ಮೆಟ್ಟಿಲು ಎಷ್ಟಿವೆ ಎಂದು. ಬರುವುದೋ ಬಿಡುವುದೋ ನಾವು ಲೆಕ್ಕ ಹಾಕಿಕೊಳ್ಳುತ್ತೇವೆ. ಆ ಸಂಖ್ಯೆ ಬರೆಯಲು ನಾಚಿಕೆಯಾದರೆ, ಸಭೆಯನ್ನು ಕೆಳಗಿಳಿಸಿ.