ನುಂಗಲಾರದ ಮಗುವಿಗೂ ಹಸಿವಿದೆ

ಮಿದುಳಿಗೆ ಪೆಟ್ಟು ಬಿದ್ದು ಕೈಕಾಲುಗಳ ಮೇಲೆ ಹಿಡಿತವಿಲ್ಲದ ಮಗು ಬಡಕಲಾಗಿದ್ದರೆ ನಮ್ಮ ಸಮಾಜಕ್ಕೆ ಹೇಳಲು ಒಂದೇ ಮಾತಿದೆ: ‘ಅಂಥ ಮಕ್ಕಳು ಇರುವುದೇ ಹಾಗೆ.’ ನೆಂಟರು ಹೀಗನ್ನುತ್ತಾರೆ, ನೆರೆಯವರು ಹೀಗನ್ನುತ್ತಾರೆ, ಕೆಲವೊಮ್ಮೆ ಬಿಳಿ ಕೋಟಿನವರೂ ಹೀಗನ್ನುತ್ತಾರೆ. ಈ ಮಾತನ್ನು ನಾವು ಒಪ್ಪಲಾರೆವು. ಸೆರೆಬ್ರಲ್ ಪಾಲ್ಸಿಯಂಥ ತೊಂದರೆಯಿರುವ ಮಗು ಅನೇಕ ಬಾರಿ ಸೊರಗುವುದು ಹೊಟ್ಟೆಗೆ ಸಾಕಷ್ಟು ಸೇರದೆ. ಅದನ್ನು ಹಣೆಬರಹ ಎಂದು ಕರೆಯುವುದು ಹಸಿವಿಗೆ ಹಾಕಿದ ಮುಸುಕು.

ಒಂದು ತುತ್ತು ಒಳಗಿಳಿಯಬೇಕಾದರೆ ತುಟಿ, ನಾಲಿಗೆ, ಗಂಟಲು ಹೊಂದಿಕೊಂಡು ಕೆಲಸ ಮಾಡಬೇಕು. ಮಿದುಳಿನ ಹಿಡಿತ ತಪ್ಪಿದರೆ ಅನ್ನ ಬಾಯಿಂದ ಹೊರಗೆ ಸುರಿಯುತ್ತದೆ, ಇಲ್ಲವೇ ಶ್ವಾಸನಾಳಕ್ಕೆ ಇಳಿಯುತ್ತದೆ. ಕೆಲವು ಮಕ್ಕಳಿಗೆ ಆಗ ಕೆಮ್ಮು ಕೂಡ ಬರುವುದಿಲ್ಲ. ಮತ್ತೆ ಮತ್ತೆ ನ್ಯುಮೋನಿಯಾ ಬಂದಾಗಲೇ ಅನುಮಾನ ಹುಟ್ಟುವುದು. ಹೆದರಿದ ತಾಯಿ ಗಂಜಿಯನ್ನು ಇನ್ನಷ್ಟು ತೆಳ್ಳಗೆ ಮಾಡುತ್ತಾಳೆ. ತೆಳ್ಳಗಾದದ್ದು ಗಂಟಲಲ್ಲಿ ಬೇಗ ಜಾರಿ ಅಪಾಯ ಹೆಚ್ಚಿಸಬಹುದು, ಅದರಲ್ಲಿ ಶಕ್ತಿಯೂ ಕಡಿಮೆ. ಇದನ್ನು ಆಕೆಗೆ ತಿಳಿಸಿ ಹೇಳಿದವರು ಯಾರು?

ದಿನಕ್ಕೆ ಮೂರು ಗಂಟೆಗೂ ಹೆಚ್ಚು ಕಾಲ ಬಾಯಿಗೆ ಉಣ್ಣಿಸುವುದರಲ್ಲೇ ಕಳೆಯುತ್ತಿದ್ದರೆ ಟ್ಯೂಬಿನ ಮೂಲಕ ಆಹಾರ ಕೊಡುವುದನ್ನು ಯೋಚಿಸಬೇಕೆಂದು ಯುರೋಪಿನ ಮಕ್ಕಳ ಜಠರ-ಕರುಳು ತಜ್ಞರ ಸಂಘ 2017ರಲ್ಲಿ ಹೇಳಿತು. ಮಗು ಸೊರಗುವ ಮೊದಲೇ ಆರಂಭಿಸುವುದು ಲೇಸು ಎಂದೂ ಹೇಳಿತು. ಕೆಲವು ವಾರಗಳ ಮಟ್ಟಿಗಾದರೆ ಮೂಗಿನ ಟ್ಯೂಬ್ ಸಾಕು. ದೀರ್ಘಕಾಲಕ್ಕೆ ಹೊಟ್ಟೆಯ ಮೇಲೆ ಸಣ್ಣ ರಂಧ್ರ ಮಾಡಿ ನೇರವಾಗಿ ಜಠರಕ್ಕೆ ಟ್ಯೂಬ್ ಇಡುತ್ತಾರೆ. ಹೊಟ್ಟೆ ಕೊಯ್ಯದೆ ಇದನ್ನು ಮಾಡುವ ವಿಧಾನ 1979ರಲ್ಲಿ ಅಮೆರಿಕದ ಕ್ಲೀವ್‌ಲ್ಯಾಂಡಿನಲ್ಲಿ ಮೊದಲು ಬಳಕೆಗೆ ಬಂತು. ಅದೂ ಒಂದು ಮಗುವಿನ ಮೇಲೆಯೇ. ಇಷ್ಟು ಹಳೆಯ ವಿದ್ಯೆ ನಮ್ಮಲ್ಲಿ ಇನ್ನೂ ಸಾವಿನ ಮುನ್ಸೂಚನೆ! ‘ಪೈಪು ಹಾಕಿದರಂತೆ’ ಎಂದರೆ ಊರು ಮುಖ ಕೆಳಗೆ ಹಾಕುತ್ತದೆ. ಟ್ಯೂಬಿಗೆ ತನ್ನದೇ ತೊಂದರೆಗಳಿವೆ: ಸೋಂಕು, ಸೋರಿಕೆ, ವಾಂತಿ. ಆದರೆ ಟ್ಯೂಬ್ ಹಾಕಿದ ತಾಯಿ ಪ್ರೀತಿ ಕಡಿಮೆಯಾದವಳಲ್ಲ. ತಜ್ಞರು ಅಪಾಯವಿಲ್ಲವೆಂದರೆ ಬಾಯಿರುಚಿಗೆ ನಾಲ್ಕು ಚಮಚ ಪಾಯಸವನ್ನೂ ಕೊಡಬಹುದು.

ಈಗ ಶಿರಸಿ-ಸಿದ್ದಾಪುರ ರಸ್ತೆಯ ನಡುವಿನ ಕಾನಸೂರನ್ನು ನೆನೆಯೋಣ. ಸುತ್ತ ಅಡಿಕೆ ತೋಟ, ಅಲ್ಲೊಂದು ಇಲ್ಲೊಂದು ಮನೆ, ಎಡೆಬಿಡದ ಮಳೆ. ಹೊಟ್ಟೆಯ ಟ್ಯೂಬ್ ಕಳಚಿ ಬಿದ್ದರೆ ರಂಧ್ರ ಕೆಲವೇ ಗಂಟೆಗಳಲ್ಲಿ ಮುಚ್ಚತೊಡಗಬಹುದು. ಆಷಾಢದ ರಾತ್ರಿ ಹಾಗಾದರೆ ಆ ಮನೆಯವರು ಎಲ್ಲಿಗೆ ಓಡಬೇಕು? ಹುಬ್ಬಳ್ಳಿಗೋ, ಶಿವಮೊಗ್ಗಕ್ಕೋ, ಮಣಿಪಾಲಕ್ಕೋ? ಜಿಲ್ಲೆಗೊಂದು ಸುಸಜ್ಜಿತ ಆಸ್ಪತ್ರೆ ಬೇಕೆಂದು ಉತ್ತರ ಕನ್ನಡದ ಜನ 2019ರಲ್ಲಿ ಕೂಗಿದರು, 2022ರಲ್ಲಿ ಮತ್ತೆ ಕೂಗಿದರು. ಆ ಕೂಗಿನಲ್ಲಿ ಅಪಘಾತವಿತ್ತು, ಹೃದಯಾಘಾತವಿತ್ತು. ಮನೆಯ ಮೂಲೆಯಲ್ಲಿ ಸದ್ದಿಲ್ಲದೆ ಸೊರಗುವ ಮಗುವಿನ ದನಿ ಎಷ್ಟು ಕೇಳಿಸಿತು? ಅಡಿಕೆಯ ದರ ಇಳಿದ ದಿನ ಇಡೀ ಸೀಮೆ ಮಾತಾಡುತ್ತದೆ. ಮಗುವಿನ ತೂಕ ಇಳಿದರೆ ಮಾತಾಡುವವರು ಯಾರು?

ಸರಕಾರದ ಬಳಿ ಯೋಜನೆಗಳಿಗೇನೂ ಕೊರತೆಯಿಲ್ಲ. ಅಂಗನವಾಡಿ ವ್ಯವಸ್ಥೆ 1975ರಿಂದ ಇದೆ. ಅಂಗನವಾಡಿಗಳಲ್ಲಿ ವಿಕಲಚೇತನ ಮಕ್ಕಳಿಗಾಗಿ ಪ್ರತ್ಯೇಕ ನಿಯಮಾವಳಿಯನ್ನೇ ಕೇಂದ್ರ ಸರಕಾರ 2023ರ ನವೆಂಬರಿನಲ್ಲಿ ಹೊರತಂದಿದೆ. ಆದರೆ ನಿಲ್ಲಲಾರದ ಮಗುವಿನ ಎತ್ತರವನ್ನು ಗೋಡೆಗೆ ನಿಲ್ಲಿಸಿ ಅಳೆಯಲು ಬರುವುದಿಲ್ಲ. ಮೊಣಕಾಲಿನಿಂದ ಹಿಮ್ಮಡಿಯವರೆಗಿನ ಅಳತೆಯಿಂದ ಅಂದಾಜಿಸಬೇಕು. ಅಗಿಯಲಾರದ ಮಗುವಿಗೆ ಬೇಯಿಸಿದ ಮೊಟ್ಟೆಯನ್ನು ಹಾಗೆಯೇ ಕೊಟ್ಟರೆ ಪುಸ್ತಕದಲ್ಲಿ ಲೆಕ್ಕ ಸರಿಯಾಗುತ್ತದೆ, ಹೊಟ್ಟೆ ಖಾಲಿಯೇ ಇರುತ್ತದೆ. ಗೇರು ತೋಟಗಳಿಗೆ ಸಿಂಪಡಿಸಿದ ಎಂಡೋಸಲ್ಫಾನ್ 2011ರಲ್ಲಿ ನಿಷೇಧವಾಯಿತು. ಅದರ ಪೀಡಿತರ ಪಟ್ಟಿಯಲ್ಲಿ ಈ ಜಿಲ್ಲೆಯವರೂ ಇದ್ದಾರೆ, ಮಾಸಾಶನವೂ ಇದೆ. ಆದರೆ ಮಾಸಾಶನದ ಹಣ ಹಿಡಿದು ಹೋದರೆ ನುಂಗುವಿಕೆಯನ್ನು ಪರೀಕ್ಷಿಸುವ ತಜ್ಞರು ಕಾನಸೂರಿನ ಪೇಟೆಯಲ್ಲಿ ಸಿಗುತ್ತಾರೆಯೇ? ಅಂಥ ತಜ್ಞರನ್ನು ತಯಾರು ಮಾಡುವ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ 1965ರಿಂದ ನಮ್ಮದೇ ಮೈಸೂರಿನಲ್ಲಿದೆ ಎಂಬುದು ವಿಪರ್ಯಾಸ.

ನಾವು ಕೇಳುವುದು ಬೆಟ್ಟವನ್ನಲ್ಲ. ಶಿರಸಿ, ಸಿದ್ದಾಪುರ, ಯಲ್ಲಾಪುರದ ತಾಲೂಕು ಆಸ್ಪತ್ರೆಗಳಿಗೆ ವಾರಕ್ಕೊಂದು ದಿನ ವಾಕ್ ತಜ್ಞರೂ ಪಥ್ಯಾಹಾರ ತಜ್ಞರೂ ಬರಲಿ. ಬದಲಿ ಟ್ಯೂಬ್, ಸಿರಿಂಜುಗಳು ಅಲ್ಲಿಯೇ ಉಚಿತವಾಗಿ ಸಿಗಲಿ. ಟ್ಯೂಬ್ ಹಾಕಿದ ಆಸ್ಪತ್ರೆ ಮನೆಯವರ ಕೈಯಿಂದಲೇ ಒಮ್ಮೆ ಉಣ್ಣಿಸಿ ನೋಡದೆ ಮಗುವನ್ನು ಮನೆಗೆ ಕಳಿಸದಿರಲಿ. ತೊಳೆಯುವುದು, ಮಗುವಿನ ತಲೆಯೆತ್ತಿ ಕೂರಿಸುವುದು, ಟ್ಯೂಬ್ ಕಳಚಿದರೆ ಏನು ಮಾಡಬೇಕೆಂಬುದು ಆಶಾ ಕಾರ್ಯಕರ್ತೆಯರಿಗೂ ತಿಳಿದಿರಲಿ. ಮನೆಯ ಅಡುಗೆಯಿಂದಲೇ ಶಕ್ತಿ ತುಂಬುವ ಬಗೆಯನ್ನು ಕನ್ನಡದಲ್ಲಿ ಬರೆದುಕೊಡಲಿ.

ಇದನ್ನು ದಯೆ ಎಂದು ಯಾರೂ ಕೊಡಬೇಕಾಗಿಲ್ಲ. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆ ಸೆರೆಬ್ರಲ್ ಪಾಲ್ಸಿಯನ್ನು ತನ್ನ 21 ವಿಧಗಳಲ್ಲಿ ಹೆಸರಿಸಿದೆ. ಕಾಯ್ದೆ ಗುರುತಿಸಿದ ಮಗುವನ್ನು ನಮ್ಮ ಆಸ್ಪತ್ರೆ, ಅಂಗನವಾಡಿ, ಪಂಚಾಯತಿಗಳು ಗುರುತಿಸುವುದು ಯಾವಾಗ? ‘ಇರುವುದೇ ಹಾಗೆ’ ಎನ್ನುವವರು ಮೊದಲು ಆ ಮಗುವಿಗೆ ಹೊಟ್ಟೆ ತುಂಬ ಉಣ್ಣಿಸಲಿ, ಆಮೇಲೆ ಮಾತಾಡಲಿ.